ದೋಣಿ ಹೋಯಿತು, ಹೊಣೆ ಹೋಗಲಿಲ್ಲ

ಹೊಸೂರು, ಕೃಷ್ಣಗಿರಿ ಸೀಮೆಯ ಬಂಧುಗಳೇ,

ಹೊಗೇನಕಲ್ಲಿನ ಹರಿಗೋಲನ್ನು ಕಂಡ ನಿಮಗೆ ಹೊಳೆ ದಾಟುವ ಕಷ್ಟವನ್ನು ನಾವು ವಿವರಿಸಬೇಕಾಗಿಲ್ಲ. ಕಾವೇರಿಗೆ ನೆರೆ ಬಂದರೆ ಹರಿಗೋಲು ದಡವೇರುತ್ತದೆ. ಬಂದರು ಪಟ್ಟಣವಾದ ಕಾರವಾರದ ಬದುಕೂ ಒಂದು ಕಾಲಕ್ಕೆ ಹಾಗೆಯೇ ಇದ್ದಿತು. ಕೋಡಿಬಾಗದಿಂದ ಸದಾಶಿವಗಡಕ್ಕೆ ಹೋಗುವವರು ಕಾಳಿ ನದಿಯನ್ನು ದೋಣಿಯಲ್ಲಿ ದಾಟಬೇಕಾಗಿದ್ದಿತು. ಗಾಳಿಮಳೆಯ ದಿನ ಅಂಬಿಗನ ಮಾತೇ ಕೊನೆಯ ಮಾತು. ೧೯೮೦ರ ದಶಕದಲ್ಲಿ ಸೇತುವೆಯಾಯಿತು. ಗೋವೆಯ ದಾರಿ ಹಗಲಿರುಳೂ ತೆರೆಯಿತು.

ಆದರೆ ೨೦೨೪ರ ಆಗಸ್ಟ್ ೭ರ ನಡುರಾತ್ರಿ, ಸುಮಾರು ೪೦ ವರ್ಷಗಳ ಆ ಸೇತುವೆ ಕುಸಿದು ಹೊಳೆಗೆ ಬಿದ್ದಿತು. ಅದರೊಡನೆ ಬಿದ್ದ ಲಾರಿಯ ಚಾಲಕನು ತಮಿಳುನಾಡಿನವನು. ಅವನನ್ನು ನೀರಿನಿಂದ ಎತ್ತಿ ಬದುಕಿಸಿದವರು ಕಾರವಾರದ ಮೀನುಗಾರರು ಮತ್ತು ಪೊಲೀಸರು. ಆಪತ್ತಿನಲ್ಲಿ ಅವರು ನೋಡಿದುದು ಜೀವವನ್ನು, ಭಾಷೆಯನ್ನಲ್ಲ. ಮಗ್ಗುಲಲ್ಲಿ ಹೊಸ ಸೇತುವೆಯೊಂದು ಇದ್ದುದರಿಂದ ಊರು ಮತ್ತೆ ದೋಣಿಯ ಕಾಲಕ್ಕೆ ಹಿಂದಿರುಗಲಿಲ್ಲ.

ಇದರಿಂದ ನಾವು ಕಲಿಯಬೇಕಾದುದೇನು? ದೋಣಿ ಸೋರಿದರೆ ಮೊದಲು ತೋಯುವುದು ಅಂಬಿಗನ ಕಾಲು. ಅಂದೇ ಅವನು ಅದನ್ನು ಸರಿಪಡಿಸುತ್ತಾನೆ. ಸೇತುವೆಯ ಕಂಬ ಸವೆದರೆ ಮೇಲೆ ನಡೆಯುವವನಿಗೆ ತಿಳಿಯದು. ಆದುದರಿಂದ ದಕ್ಷಿಣ ಪಿನಾಕಿನಿಯ ಮೇಲಾಗಲಿ, ನಿಮ್ಮೂರ ಹಳ್ಳದ ಮೇಲಾಗಲಿ, ಸೇತುವೆಯಲ್ಲಿ ಬಿರುಕು ಕಂಡರೆ, ನೆರೆಯಿಳಿದ ಮೇಲೆ ಅಡಿಪಾಯದ ಮಣ್ಣು ಕೊಚ್ಚಿಹೋಗಿದ್ದರೆ, ಸುಮ್ಮನಿರಬೇಡಿರಿ. ಗ್ರಾಮಸಭೆಯಲ್ಲಿ ಹೇಳಿರಿ, ಜಿಲ್ಲಾಧಿಕಾರಿಗಳಿಗೆ ಬರೆದು ಕೊಡಿರಿ, ಉತ್ತರ ಬರುವ ತನಕ ಕೇಳಿರಿ. ಸೇತುವೆಯನ್ನು ಕಟ್ಟಿಸಿಕೊಳ್ಳುವುದು ನಮ್ಮ ಹಕ್ಕು. ಕಟ್ಟಿದುದನ್ನು ಕಾಯ್ದುಕೊಳ್ಳುವುದು ನಮ್ಮ ಹೊಣೆ.