ಒದ್ದೆ ಕುರಿಗೆ ಪಟದಲ್ಲಿ ಜಾಗವಿಲ್ಲವೇ?

ದೊಡ್ಡೇರಿ ಸೀಮೆಯ ಸ್ಥಳಪುರಾಣಗಳಲ್ಲಿ ನಗುವಂಥದೇನಿದೆ ಎಂದು ಹುಬ್ಬೇರಿಸುವ ಮಹನೀಯರಿಗೆ ನನ್ನದೊಂದು ಮರುಪ್ರಶ್ನೆ: ಮಧುಗಿರಿಯ ಕುರಿಯನ್ನು ಮರೆತಿರಾ? ತಪ್ಪಿಸಿಕೊಂಡ ಕುರಿಯೊಂದು ಮೈಯಿಂದ ನೀರು ತೊಟ್ಟಿಕ್ಕಿಸುತ್ತ ಬೆಟ್ಟದಿಂದ ಮರಳಿತು. ಅದರಿಂದ ಒರತೆ ಸಿಕ್ಕಿತು, ಊರು ಹುಟ್ಟಿತು ಎನ್ನುತ್ತದೆ ಐತಿಹ್ಯ. ಅರಸನಲ್ಲ, ಋಷಿಯಲ್ಲ, ಕುರಿ! ನಾನು ಕಂಡ ಪಟಗಳಲ್ಲಿ ಬಂಡೆಯುಂಟು, ಕೋಟೆಯುಂಟು. ಕುರಿ ಮಾತ್ರ ಇಲ್ಲ.

ಜಪಾನಿನ ಕುನಿಯೋಶಿ 1850ರ ಸುಮಾರಿಗೆ ತೋಕಾಯ್ದೋ ಹೆದ್ದಾರಿಯ 53 ತಂಗುದಾಣಗಳನ್ನು ಬೆಕ್ಕುಗಳಾಗಿಸಿ ಮರದಚ್ಚಿನಲ್ಲಿ ಮೂಡಿಸಿದ. ಪಯಣ ಹೊರಡುವ ನಿಹೋಂಬಾಶಿಗೆ, ಹೆಸರಿನ ಶ್ಲೇಷೆಯಿಂದ, ಎರಡು ಒಣಮೀನುಗಳೊಡನೆ ಒಂದು ಬೆಕ್ಕು! ಹೆದ್ದಾರಿಯ ಮಾನವೇನೂ ಹೋಗಲಿಲ್ಲ.

ಗೌರವದ ಹೆಸರಿನಲ್ಲಿ ನಗುವನ್ನು ಹೊರಗಟ್ಟಿದರೆ ಕಥೆಯೂ ಅದರ ಹಿಂದೆಯೇ ಹೊರಟುಹೋಗುತ್ತದೆ. ಚಿತ್ರಗಾರರೇ, ಮೊದಲು ಆ ಒದ್ದೆ ಕುರಿಯನ್ನು ಬರೆಯಿರಿ. ಬಂಡೆ ಎಲ್ಲಿಗೂ ಓಡುವುದಿಲ್ಲ.