ಅವಳ ಕಾಗದ ಅವಳಿಗೆ ಕೊಡಿ

ನಮ್ಮೂರ ಕಡೆ ಒಂದು ಕಾಲಕ್ಕೆ ಮನೆಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿದ್ದರು. ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವ ಅದನ್ನೋದಿ ಹಿಂತಿರುಗಬೇಕು. ಮರುದಿನ ಬಂದರೂ ಅದೇ ಬರಹ. ದೆವ್ವವನ್ನು ಓಡಿಸಲು ಜನ ಕಂಡುಕೊಂಡ ಈ ಉಪಾಯವನ್ನು ಈಗ ಕಚೇರಿಗಳು ಜನರನ್ನು ಓಡಿಸಲು ಬಳಸುತ್ತಿವೆ. ಈ ಕಡೆ ‘ಉದ್ಯಾ ಯಾ’, ಆ ಕಡೆ ‘ನಾಳೆ ಬನ್ನಿ’. ಬಹುವಚನವೊಂದೇ ಲಾಭ.

ನನ್ನ ಚಿಕ್ಕಮ್ಮನ ಮಗಳು ವಾಶಿಯಲ್ಲಿ ನಮ್ಮ ಮನೆಯಿಂದ ಎರಡು ಸೆಕ್ಟರ್ ಆಚೆ ಇದ್ದಾಳೆ. 2012ರಲ್ಲಿ ಊರ ಕಡೆಯ ನ್ಯಾಯಾಲಯವೊಂದರಲ್ಲಿ ಅವಳಿಗೆ ವಿಚ್ಛೇದನವಾಯಿತು. ಆಮೇಲೆ ಬಟ್ಟೆಬರೆ ಕಟ್ಟಿಕೊಂಡು ಇಲ್ಲಿಗೆ ಬಂದಳು, ಕೆಲಸ ಹಿಡಿದಳು. ಕಳೆದ ವರ್ಷ ಮರುಮದುವೆ ನಿಶ್ಚಯವಾಯಿತು. ನೋಂದಣಿಗೆ ವಿಚ್ಛೇದನದ ಡಿಕ್ರಿಯ ದೃಢೀಕೃತ ನಕಲು ಬೇಕೆಂದರು. ಇವಳ ಬಳಿ ಏನೂ ಇಲ್ಲ. ಅಂದು ಕಾಗದವೆಲ್ಲ ವಕೀಲರ ಕಪಾಟಿನಲ್ಲಿತ್ತು. ವಕೀಲರು ತೀರಿಕೊಂಡರು, ಕಪಾಟು ಎಲ್ಲಿಗೆ ಹೋಯಿತೋ ಯಾರಿಗೂ ಗೊತ್ತಿಲ್ಲ.

ರಾತ್ರಿ ಬಸ್ಸು ಹಿಡಿದು ಊರಿಗೆ ಹೋದಳು. ನಕಲು ವಿಭಾಗದ ಕಿಟಕಿಯಲ್ಲಿ ಮೊದಲ ಪ್ರಶ್ನೆ, ‘ಕೇಸ್ ನಂಬರ್ ಎಷ್ಟು?’ ಹೆಸರು ಗೊತ್ತು, ವರ್ಷ ಗೊತ್ತು, ಆ ದಿನ ಉಟ್ಟ ಸೀರೆಯ ಬಣ್ಣವೂ ಗೊತ್ತು. ನಂಬರು ಗೊತ್ತಿಲ್ಲ. ಎರಡನೇ ಸಲ ಹೋದಾಗ ‘ವಕೀಲರನ್ನು ಕರೆದುಕೊಂಡು ಬನ್ನಿ’ ಎಂದರು. ಮೂರನೇ ಸಲ, ಪುಣ್ಯಾತ್ಮರೊಬ್ಬರು ಹಳೆಯ ರಿಜಿಸ್ಟರ್ ತಿರುವಿ ಹತ್ತು ನಿಮಿಷದಲ್ಲಿ ನಂಬರು ಹುಡುಕಿಕೊಟ್ಟರು. ಆ ಹತ್ತು ನಿಮಿಷದ ಕೆಲಸಕ್ಕೆ ಇವಳ ಐದು ರಜೆ ಹೋಗಿತ್ತು.

ಇದಿಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ, ಸರಕಾರಿ ಕೆಲಸ ಎಂದು ಸುಮ್ಮನಾಗುತ್ತಿದ್ದೆ. ಆದರೆ ಅವಳು ಎರಡನೇ ಸಲ ಬರಿಗೈಲಿ ವಾಪಸಾದ ವಾರವೇ ಗಂಡಿನ ಕಡೆಯ ಹಿರಿಯರೊಬ್ಬರು ಮನೆಗೆ ಬಂದರು. ಚಹಾ ಕುಡಿಯುತ್ತ, ‘ಪಾಟೀಸವಾಲಿನಲ್ಲಿ ನೀನು ಹೀಗೆ ಹೇಳಿದ್ದೀಯಲ್ಲಮ್ಮ’ ಎಂದರು. ಇಡೀ ತೀರ್ಪು ಪುಟಪುಟವಾಗಿ ಫೋಟೋ ತೆಗೆದು ಅವರ ಮೊಬೈಲಿನಲ್ಲಿತ್ತು. ‘ಕೋರ್ಟಿನಲ್ಲಿ ನಮ್ಮವರೊಬ್ಬರು ಇದ್ದಾರೆ’ ಎಂದು ಹೆಮ್ಮೆಯಿಂದಲೇ ಹೇಳಿದರು. ತನ್ನದೇ ತೀರ್ಪನ್ನು ಅವಳು ಮೊದಲ ಸಲ ಕೇಳಿದ್ದು ಪರರ ಬಾಯಿಂದ.

ನನ್ನ ತಕರಾರು ಇಲ್ಲಿಂದ ಶುರು. ಹಕ್ಕಿದ್ದವಳಿಗೆ ಬಾಗಿಲು ಮುಚ್ಚಿದೆ, ಹಕ್ಕಿಲ್ಲದವರಿಗೆ ಹಿತ್ತಿಲ ಕದ ತೆರೆದಿದೆ. ಕಾನೂನು ಹೇಳುವುದು ಇದಕ್ಕೆ ಪೂರ್ತಿ ಉಲ್ಟಾ.

1955ರ ಹಿಂದೂ ವಿವಾಹ ಕಾಯ್ದೆಯ ಕಲಂ 23(4) ಓದಿ. 1976ರ ತಿದ್ದುಪಡಿಯಲ್ಲಿ ಸೇರಿದ್ದು. ವಿಚ್ಛೇದನದ ಡಿಕ್ರಿ ಕೊಟ್ಟ ನ್ಯಾಯಾಲಯ ಅದರ ಒಂದು ಪ್ರತಿಯನ್ನು ಇಬ್ಬರಿಗೂ ಉಚಿತವಾಗಿ ಕೊಡಲೇಬೇಕು ಎಂಬುದು ಅದರ ಸಾರ. ಕೊಡಬೇಕಾದದ್ದು ಗಂಡ ಹೆಂಡಿರಿಗೆ. ‘ವಕೀಲರ ಗುಮಾಸ್ತ ತೆಗೆದುಕೊಂಡ’ ಎಂಬಲ್ಲಿಗೆ ಆ ಋಣ ತೀರುವುದಿಲ್ಲ. ಮುಂದೆ ಬೇಕಾದಾಗ ಶುಲ್ಕ ಕಟ್ಟಿ ದೃಢೀಕೃತ ನಕಲು ಪಡೆಯುವುದೂ ಹಕ್ಕೇ. ಹಿಂದೆ ಸಾಕ್ಷ್ಯ ಕಾಯ್ದೆಯ ಕಲಂ 76, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 75. ಅರ್ಜಿ ಬರೆಯಲು ವಕೀಲರು ಬೇಕೇ ಬೇಕೆಂದಿಲ್ಲ. 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆಯಂತೂ ಅಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಕಕ್ಷಿಗಾರರ ಹಕ್ಕೇ ಅಲ್ಲ ಎನ್ನುತ್ತದೆ. ವಾದಕ್ಕೇ ಬೇಡವಾದ ವಕೀಲರು ಪ್ರತಿ ಪಡೆಯುವ ಕಿಟಕಿಯಲ್ಲಿ ಯಾಕೆ ಬೇಕು?

ಇನ್ನು ಹಿತ್ತಿಲ ಕದದ ಮಾತು. ಅದೇ ವಿವಾಹ ಕಾಯ್ದೆಯ ಕಲಂ 22ರ ಪ್ರಕಾರ ಇಂಥ ವಿಚಾರಣೆ ಮುಚ್ಚಿದ ಕೋಣೆಯಲ್ಲಿ ನಡೆಯಬೇಕು. ಅದರ ವಿವರವನ್ನು ಅಚ್ಚು ಹಾಕುವಂತಿಲ್ಲ, ಪ್ರಕಟಿಸುವಂತಿಲ್ಲ. ಹೈಕೋರ್ಟ್, ಸುಪ್ರೀಂ ಕೋರ್ಟುಗಳ ತೀರ್ಪಿಗೆ ಮಾತ್ರ, ಅದೂ ಅನುಮತಿ ಇದ್ದರೆ, ವಿನಾಯಿತಿ. ತಪ್ಪಿದರೆ ದಂಡ ಒಂದು ಸಾವಿರ ರೂಪಾಯಿವರೆಗೆ. ವಾಶಿಯಲ್ಲಿ ನಾಲ್ಕು ಮಂದಿ ಒಂದು ಸಂಜೆ ಹೋಟೆಲಿನಲ್ಲಿ ಕೂತರೆ ಅದಕ್ಕಿಂತ ಹೆಚ್ಚು ಬಿಲ್ಲಾಗುತ್ತದೆ. ಹೆಣ್ಣೊಬ್ಬಳ ಮರ್ಯಾದೆಗೆ ಕಾಯ್ದೆ ಕಟ್ಟಿದ ಬೆಲೆ ಅದು.

ಸಂಬಂಧ ಬೆಳೆಸುವವರಿಗೆ ತಿಳಿಯುವ ಹಕ್ಕಿಲ್ಲವೇ ಎಂದು ನೀವು ಕೇಳಬಹುದು. ಇದೆ. ಹಿಂದಿನ ಮದುವೆ ಕಾನೂನುಬದ್ಧವಾಗಿ ಮುಗಿದಿದೆಯೇ, ಮೇಲ್ಮನವಿ ಬಾಕಿ ಇದೆಯೇ, ಇಷ್ಟನ್ನು ಖಂಡಿತ ಕೇಳಿ. ಛಾಪಾ ಕಾಗದದ ಮೇಲೆ ನೋಟರಿ ಮುದ್ರೆ ಒತ್ತಿಸಿದ ‘ಬಾಂಡ್ ಡೈವೋರ್ಸ್’ ಹಿಡಿದು ಬರುವವರೂ ಇದ್ದಾರೆ. ಅಂಥ ಒಪ್ಪಂದದಿಂದ ಮದುವೆ ಮುರಿಯುವುದಿಲ್ಲ. ಉತ್ತರ ಕರ್ನಾಟಕದ ಸೋಡಚೀಟಿಯಂಥ ರೂಢಿಯ ಬಿಡುಗಡೆಗೂ, ಆ ರೂಢಿ ತಮ್ಮ ಸಮುದಾಯದಲ್ಲಿ ಇದೆಯೆಂದು ರುಜುವಾತಾದರೆ ಮಾತ್ರ ಕೋರ್ಟು ಬೆಲೆ ಕೊಡುತ್ತದೆ. ಆದ್ದರಿಂದ ಡಿಕ್ರಿ ಕೇಳುವುದು ತಪ್ಪಲ್ಲ. ಆದರೆ ಡಿಕ್ರಿ ಬೇರೆ, ತೀರ್ಪು ಬೇರೆ. ಮದುವೆ ಮುಗಿಯಿತು ಎಂದು ಹೇಳುವುದು ಡಿಕ್ರಿ. ಅದು ಹೇಗೆ ಮುರಿಯಿತು, ಮಲಗುವ ಕೋಣೆಯಲ್ಲಿ ಏನಾಯಿತು, ಯಾರು ಯಾರ ಮೇಲೆ ಏನು ಹೊರಿಸಿದರು ಎಂಬುದು ತೀರ್ಪಿನಲ್ಲಿರುತ್ತದೆ. ಮೊದಲಿನದು ನಿಮಗೆ ಸಾಕು, ಎರಡನೆಯದು ನಿಮ್ಮದಲ್ಲ.

ಅಮೆರಿಕದಲ್ಲಿ ಎಲ್ಲ ದಾಖಲೆಯೂ ಬಯಲಲ್ಲವೇ ಎಂಬ ಮಾತೂ ಬರುತ್ತದೆ. ಎಲ್ಲ ಕಡೆ ಅಲ್ಲ. ನ್ಯೂಯಾರ್ಕ್ ರಾಜ್ಯದಲ್ಲಿ ವಿಚ್ಛೇದನದ ಕಡತ ಆಯಾ ಕೌಂಟಿಯ ಕ್ಲರ್ಕ್ ಬಳಿ ಇರುತ್ತದೆ. ಕಕ್ಷಿಗಾರರು, ಅವರ ವಕೀಲರು ಕೇಳಿದರೆ ಕೊಡುತ್ತಾರೆ. ಉಳಿದವರಿಗೆ ನ್ಯಾಯಾಲಯದ ಆದೇಶವಿಲ್ಲದೆ 100 ವರ್ಷ ತೋರಿಸುವಂತಿಲ್ಲ. ನಮಗೆ ಬೇಕಾದದ್ದೂ ಇದೇ: ಅವರವರಿಗೆ ಬೇಗ, ಉಳಿದವರಿಗೆ ಇಲ್ಲ.

ನಮ್ಮಂಥ ವಲಸೆಗಾರರಿಗೆ ಇದು ಇನ್ನೂ ಕಷ್ಟ. ಮದುವೆ ಒಂದೂರಲ್ಲಿ, ಸಂಸಾರ ಇನ್ನೊಂದರಲ್ಲಿ, ಕೇಸು ಮೂರನೆಯದರಲ್ಲಿ. ಮದುವೆಯಾದ ಊರು, ಕೊನೆಗೆ ಒಟ್ಟಿಗಿದ್ದ ಊರು, ಎದುರು ಪಕ್ಷದವರಿರುವ ಊರು, 2003ರ ನಂತರ ಹೆಂಡತಿ ಅರ್ಜಿದಾರಳಾದರೆ ಅವಳಿರುವ ಊರು, ಎಲ್ಲಿ ಬೇಕಾದರೂ ಪ್ರಕರಣ ಹೂಡಬಹುದು. ನವಿ ಮುಂಬಯಿಯೊಳಗೇ ವಾಶಿ ಠಾಣೆ ಜಿಲ್ಲೆಗೆ ಸೇರಿದರೆ ಖಾರ್ಘರ್, ಪನವೇಲ್ ರಾಯಗಡಕ್ಕೆ. ಹಾಗಾಗಿ ಮೊದಲು ಯಾವ ಕೋರ್ಟು ಎಂಬುದು ಖಚಿತವಾಗಲಿ. ಇ-ಕೋರ್ಟ್ಸ್ ತಾಣದಲ್ಲಿ ಜಿಲ್ಲೆ ಆರಿಸಿ, ಹೆಸರು ಮತ್ತು ವರ್ಷ ಕೊಟ್ಟು ಹುಡುಕಿ. ಸಿಕ್ಕರೆ 16 ಅಕ್ಷರ ಅಂಕಿಗಳ ಸಿಎನ್‌ಆರ್ ಸಂಖ್ಯೆಯನ್ನು ಬರೆದಿಡಿ. ಹಳೆಯವೆಲ್ಲ ಅಲ್ಲಿ ಸಿಗುವುದಿಲ್ಲ, ಆಗ ರಿಜಿಸ್ಟರೇ ಗತಿ. ಕರ್ನಾಟಕದಲ್ಲಿ ‘ಎಂ.ಸಿ.’, ಮಹಾರಾಷ್ಟ್ರದ ಸಿವಿಲ್ ಕೋರ್ಟುಗಳಲ್ಲಿ ‘ಎಚ್.ಎಂ.ಪಿ.’ ಎಂದು ಶುರುವಾಗುವ ನಂಬರು ಕೇಳಿ. ಮಾಹಿತಿ ಹಕ್ಕಿನ ಅರ್ಜಿ ಹಾಕಿ ದಿನ ಕಳೆಯಬೇಡಿ. ಕೋರ್ಟಿನ ನಿಯಮಗಳಲ್ಲೇ ನಕಲು ಪಡೆಯುವ ದಾರಿ ಇರುವಾಗ ಆ ಕಾಯ್ದೆ ಹಿಡಿದು ಬರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಮಾರ್ಚಿಯಲ್ಲೇ ಹೇಳಿದೆ. ಕೇಳುವಾಗ ಒಂದಕ್ಕೆ ಎರಡು ಪ್ರತಿ ಕೇಳಿ. ಪಾಸ್‌ಪೋರ್ಟಿಗೆ ಡಿಕ್ರಿ ಬೇಕೆಂದು ಯಾರಾದರೂ ಹೆದರಿಸಿದರೆ ನಂಬಬೇಡಿ, 2016ರ ಡಿಸೆಂಬರಿನಲ್ಲೇ ಆ ಷರತ್ತು ಹೋಗಿದೆ.

ಸರಕಾರಕ್ಕೂ ಕೋರ್ಟಿಗೂ ನಾನು ಕೇಳುವುದು ದೊಡ್ಡದೇನಲ್ಲ. ಡ್ರೈವಿಂಗ್ ಲೈಸೆನ್ಸು ಡಿಜಿಲಾಕರಿನಲ್ಲಿ ಬರುತ್ತದೆ. ಡಿಕ್ರಿಯೂ ಹಾಗೆಯೇ ಇಬ್ಬರ ಖಾತೆಗೆ ಮಾತ್ರ ಬರಲಿ. ಕಡತ ಯಾರು, ಯಾವಾಗ ತೆಗೆದು ನೋಡಿದರು ಎಂಬುದು ದಾಖಲಾಗಲಿ. ನಂಬರು ಗೊತ್ತಿಲ್ಲದವರಿಗೆ ಹುಡುಕಿಕೊಡುವುದು ಕಚೇರಿಯ ಕರ್ತವ್ಯವಾಗಲಿ, ಯಾರದೋ ಪುಣ್ಯ ಆಗುವುದು ಬೇಡ.

ನಮ್ಮ ಸಂಘಗಳಿಗೂ ಒಂದು ಮಾತು. ಶಾಲು, ಹಾರ, ಫಲಕ ಎಲ್ಲ ಇರಲಿ. ತಿಂಗಳಿಗೊಂದು ಭಾನುವಾರ ಎರಡು ಗಂಟೆ, ಒಂದು ಮೇಜು, ಅರ್ಜಿ ಬರೆಯಬಲ್ಲ ಇಬ್ಬರು ಸದಸ್ಯರು, ಇಷ್ಟು ಸಾಕು. ಊರಿನ ಕೋರ್ಟಿಗೆ ಬೇಕಾದ ಕನ್ನಡ, ಠಾಣೆಗೆ ಬೇಕಾದ ಮರಾಠಿ ಎರಡೂ ನಮ್ಮಲ್ಲಿದೆ. ಅದನ್ನು ನಾಟಕಕ್ಕೆ ಮಾತ್ರ ಯಾಕೆ ಮೀಸಲಿಡಬೇಕು?

ನನ್ನ ತಂಗಿಗೆ ಕೊನೆಗೂ ಮುದ್ರೆ ಬಿದ್ದ ನಕಲು ಸಿಕ್ಕಿತು. ಆ ಸಂಬಂಧ ಮಾತ್ರ ಬೇಡವೆಂದಳು. ತನ್ನ ಬೆನ್ನ ಹಿಂದೆ ತೀರ್ಪು ತರಿಸಿ ಓದುವವರ ಮನೆಗೆ ಸೊಸೆಯಾಗಿ ಹೋಗಲಾರೆ ಎಂದಳು. ‘ಈ ವಯಸ್ಸಿನಲ್ಲಿ ಇಷ್ಟು ಹಟವೇ’ ಎಂದು ನಮ್ಮವರೇ ಅವಳನ್ನು ಬೈದರು. ಬೈದವರಲ್ಲಿ ಒಬ್ಬರ ಮೊಬೈಲಿನಲ್ಲಿ ಆ ಫೋಟೋಗಳು ಈಗಲೂ ಇವೆ, ನಾನು ಕಂಡಿದ್ದೇನೆ.

ಇದನ್ನು ಓದುತ್ತಿರುವ ನಿಮ್ಮ ಮೊಬೈಲಿನಲ್ಲೂ ಯಾರದಾದರೂ ತೀರ್ಪಿದ್ದರೆ ಈಗಲೇ ಅಳಿಸಿ.