ಪೌರಸಭೆ ಬೇಡವೆನ್ನುವ ಪೌರರು

ಬೆಂಗಳೂರು ಮಹಾನಗರಪಾಲಿಕೆಯ ಚುನಾಯಿತ ಸಭೆಯ ಅವಧಿಯು 2020ನೆಯ ಇಸವಿ ಸೆಪ್ಟೆಂಬರಿನಲ್ಲಿ ತೀರಿತು. ಅವಧಿ ತೀರುವುದಕ್ಕೆ ಮೊದಲೇ ಹೊಸ ಚುನಾವಣೆಯು ಮುಗಿದಿರತಕ್ಕದ್ದೆಂಬುದು ರಾಜ್ಯಾಂಗದ 243-ಯು ವಿಧಿಯ ಆಜ್ಞೆ. ಆದರೂ ಐದು ವರ್ಷಕಾಲ, 2025ರಲ್ಲಿ ಆ ಪಾಲಿಕೆಯನ್ನೇ ಒಡೆದು ಐದು ಪಾಲಿಕೆಗಳನ್ನು ಮಾಡುವವರೆಗೂ, ಅಧಿಕಾರಿಗಳೇ ನಗರವನ್ನು ಆಳಿದರು. ಸರ್ಕಾರವು ಕೈಸೇರಿದ ಅಧಿಕಾರವನ್ನು ಬಿಡದಿದ್ದುದರಲ್ಲಿ ವಿಸ್ಮಯವೇನೂ ಇಲ್ಲ. ಶೇಷಾದ್ರಿಪುರ, ಮಲ್ಲೇಶ್ವರ, ಬಸವನಗುಡಿಗಳ ವಿದ್ಯಾವಂತ ಗೃಹಸ್ಥರಲ್ಲಿ ಅನೇಕರು ಇದನ್ನೊಂದು ನಷ್ಟವೆಂದೇ ಎಣಿಸದಿದ್ದುದು ವಿಸ್ಮಯ. ಕಾರ್ಪೊರೇಟರುಗಳ ಕಾಟ ತಪ್ಪಿತೆಂದು ಸಂತೋಷಪಟ್ಟವರೂ ಉಂಟು.

ಅವರ ಪೂರ್ವಪಕ್ಷವು ಇಂತಿದೆ: ದಿವಾನ್ ಶೇಷಾದ್ರಿ ಅಯ್ಯರವರನ್ನು ಯಾವ ಮತದಾರನು ಚುನಾಯಿಸಿದ್ದನು? ಆದರೂ ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಗಣಿಗಳನ್ನು ಮುಟ್ಟಿದ್ದು ಅವರ ದೂರದೃಷ್ಟಿಯಿಂದಲ್ಲವೆ? ಅವರ ಹೆಸರಿನ ಬಡಾವಣೆಯಲ್ಲಿದ್ದುಕೊಂಡು ಇದನ್ನು ಅಲ್ಲಗಳೆಯಲಾದೀತೆ?

ಅಲ್ಲಗಳೆಯಬೇಕಾಗಿಲ್ಲ. ಆದರೆ ಸಾಧ್ಯವಿದ್ದೆಡೆಯಲ್ಲಿಯೂ ಇಲ್ಲದೆಡೆಯಲ್ಲಿಯೂ ಕಾಣಿಸಿಕೊಳ್ಳುವ ಹೇತುವನ್ನು ತಾರ್ಕಿಕರು ಅನೈಕಾಂತಿಕವೆಂದು ತಳ್ಳಿಹಾಕುತ್ತಾರೆ. ಪ್ರಜೆಗಳಿಗೆ ಉತ್ತರ ಹೇಳಬೇಕಾಗಿಲ್ಲದ ಆ ದಿವಾನಗಿರಿಯ ಪೀಠದಿಂದಲೇ 1908ರ ವೃತ್ತಪತ್ರಿಕಾ ಕಾನೂನೂ ಹೊರಟಿತು. ಸರ್ಕಾರದ ಅಪ್ಪಣೆಯಿಲ್ಲದೆ ಮೈಸೂರು ಸೀಮೆಯಲ್ಲಿ ಪತ್ರಿಕೆಯನ್ನು ಹೊರಡಿಸಕೂಡದೆಂದಾಯಿತು. ತಾತಯ್ಯನವರೆಂದು ನಾಡೆಲ್ಲ ಗೌರವಿಸುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಅದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. 1881ರಿಂದಲೂ ಪ್ರಜಾಪ್ರತಿನಿಧಿ ಸಭೆಯೊಂದಿತ್ತು, ನಿಜ. ಅದು ಬಿನ್ನವಿಸಿಕೊಳ್ಳಬಹುದಾಗಿತ್ತೇ ಹೊರತು ತಡೆಯುವಂತಿರಲಿಲ್ಲ. ದೀಪವನ್ನು ಕೊಟ್ಟ ಕೈಯೇ ಬಾಯನ್ನೂ ಮುಚ್ಚಿತು. ಎರಡಕ್ಕೂ ಪ್ರಜೆಯು ಸುಮ್ಮನೆ ಕೈಯೊಡ್ಡಬೇಕಾಯಿತು.

ಹಾಗಾದರೆ ಮತದ ಪೆಟ್ಟಿಗೆಯೊಂದೇ ಸಾಕೆ? ಅದೂ ಸಾಲದು. ಕಿರಿಕಿರಿಯುಂಟುಮಾಡುವ ಸಂದೇಶಕ್ಕೂ ಸೆರೆವಾಸವನ್ನು ವಿಧಿಸಬಹುದಾಗಿದ್ದ 66-ಎ ಕಲಮನ್ನು 2008ರಲ್ಲಿ ಅಂಗೀಕರಿಸಿದ್ದು ಯಾವ ದಿವಾನರೂ ಅಲ್ಲ, ಚುನಾಯಿತ ಪಾರ್ಲಿಮೆಂಟು. 2015ರಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದುಪಡಿಸಬೇಕಾಯಿತು. ಅಧಿಕಾರವು ದೊರೆಯದಾಗಲಿ ಬಹುಮತದ್ದಾಗಲಿ, ಅದಕ್ಕೊಂದು ಎಲ್ಲೆಯಿರಬೇಕೆಂಬುದೇ ಲಿಬರಲ್ ನೀತಿಯ ಸಾರ. ದಕ್ಷತೆಯ ಮೋಹವೂ ಬಹುಮತದ ಮದವೂ ಎರಡು ಕಡೆಯಿಂದ ಅದನ್ನು ಈಗ ಒತ್ತುತ್ತಿವೆ.

ಡಿ.ವಿ. ಗುಂಡಪ್ಪನವರು ಜನಸಮೂಹದ ಚಾಪಲ್ಯವನ್ನು ಅರಿಯದವರಲ್ಲ. ಆದರೂ ಚುನಾವಣೆಯೇ ಬೇಡವೆಂಬ ತೀರ್ಮಾನಕ್ಕೆ ಅವರು ಬರಲಿಲ್ಲ. ಮತದಾರನಿಗೆ ರಾಜ್ಯವಿಚಾರವನ್ನು ಕಲಿಸಬೇಕೆಂದು 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಅವರ ಗ್ರಂಥಗಳನ್ನು ಬೀರುವಿನಲ್ಲಿ ಅಂದವಾಗಿ ಜೋಡಿಸಿಟ್ಟುಕೊಂಡಿರುವ ಗೃಹಸ್ಥರು, ಆ ಐದು ವರ್ಷಗಳಲ್ಲಿ ತಮ್ಮ ವಾರ್ಡಿನ ತೆರಿಗೆಯ ಹಣವು ಯಾವ ರಸ್ತೆಗೆ, ಯಾವ ಚರಂಡಿಗೆ ವೆಚ್ಚವಾಯಿತೆಂದು ಯಾರನ್ನು ಕೇಳಿದರು, ಉತ್ತರ ಕೊಡಬೇಕಾದವರು ಯಾರಿದ್ದರು, ಹೇಳಲಿ.